ಮೊದಲು ಬರೆದದ್ದು ಮೊದಲು ಕಾಣಬೇಕೆ?

ಮಲೆನಾಡಿನ ಹಳ್ಳವೊಂದಕ್ಕೆ ಅಡಿಕೆ ಮರದ ಕಾಲುಸಂಕ ಹಾಕಿದ್ದಾರೆ ಎಂದುಕೊಳ್ಳಿ. ಒಮ್ಮೆಗೆ ಒಬ್ಬರಷ್ಟೇ ದಾಟಬಹುದು. ಎರಡೂ ದಡದವರು ಸೇರಿ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ: ದಾಟುವ ಮುನ್ನ ನಿನ್ನ ದಡದ ಕಂಬಕ್ಕೆ ಕೆಂಪು ಬಟ್ಟೆ ಏರಿಸು, ಆಮೇಲೆ ಆಚೆ ದಡದ ಕಂಬ ನೋಡು, ಅಲ್ಲಿ ಬಟ್ಟೆ ಇಲ್ಲದಿದ್ದರೆ ಮಾತ್ರ ಸಂಕಕ್ಕೆ ಕಾಲಿಡು. ಇಬ್ಬರು ಒಂದೇ ಗಳಿಗೆಗೆ ಬಂದರೂ ಅಪಾಯವಿಲ್ಲ. ಯಾರು ಎರಡನೆಯವರಾಗಿ ಬಟ್ಟೆ ಏರಿಸಿದರೋ ಅವರ ಕಣ್ಣಿಗೆ ಮೊದಲಿನವರ ಬಟ್ಟೆ ಬೀಳಲೇಬೇಕು. ಆದರೆ ಇಬ್ಬರೂ ತಾವೇ ಏರಿಸುವ ಬದಲು ಬಟ್ಟೆಯನ್ನು ಜೊತೆಗಿದ್ದ ಹುಡುಗನ ಕೈಗೆ ಕೊಟ್ಟು, 'ಏರಿಸಿಬಿಡೋ ಮಾರಾಯ' ಎಂದು ಹೇಳಿ, ಆ ಕೂಡಲೇ ಆಚೆ ನೋಡಿದರೆ? ಹುಡುಗರಿಬ್ಬರೂ ಇನ್ನೂ ಕಂಬದ ಹಾದಿಯಲ್ಲಿದ್ದಾರೆ. ಎರಡು ಕಂಬವೂ ಬರಿದು. ಇಬ್ಬರೂ ಸಂಕದ ನಟ್ಟನಡುವೆ ಎದುರುಬದುರಾಗುತ್ತಾರೆ.

ನಮ್ಮ ಮೇಜಿನ ಮೇಲಿರುವ, ಜೇಬಿನಲ್ಲಿರುವ ಬಹುಕೋರ್ ಪ್ರೊಸೆಸರುಗಳಲ್ಲಿ ಇಂಥ ಹುಡುಗರಿದ್ದಾರೆ. ಎಂಜಿನಿಯರುಗಳು ಅವರನ್ನು ಸ್ಟೋರ್ ಬಫರ್ ಎನ್ನುತ್ತಾರೆ. ಮೇಲಿನ ಕಟ್ಟಳೆಯೂ ಸುಮ್ಮನೆ ಕಟ್ಟಿದ್ದಲ್ಲ. ಡಚ್ ಗಣಿತಜ್ಞ ಟಿ. ಜೆ. ಡೆಕ್ಕರ್ ಕಂಡುಕೊಂಡ, ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಬರೆದಿಟ್ಟ ವಿಧಾನದ ತಿರುಳು ಅದು. 1981ರಲ್ಲಿ ಗ್ಯಾರಿ ಪೀಟರ್ಸನ್ ಅದನ್ನು ಇನ್ನೂ ಸರಳಗೊಳಿಸಿದರು. ಕಾಗದದ ಮೇಲೆ ಎರಡೂ ನಿರ್ದೋಷಿ. ಪಠ್ಯಪುಸ್ತಕದಲ್ಲಿರುವಂತೆಯೇ ಇಂದಿನ ಲ್ಯಾಪ್‌ಟಾಪಿನಲ್ಲಿ ಬರೆದು ಬಹಳ ಹೊತ್ತು ಓಡಿಸಿದರೆ ಮಾತ್ರ ಎಲ್ಲೋ ಒಮ್ಮೊಮ್ಮೆ ಇಬ್ಬರೂ ಒಳಗೆ ನುಗ್ಗುತ್ತಾರೆ.

ಕಾಗದಕ್ಕೂ ಯಂತ್ರಕ್ಕೂ ನಡುವಿನ ಈ ಬಿರುಕಿನತ್ತ ಬೆರಳು ತೋರಿದವರು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್. ಪ್ರತಿ ಪ್ರೊಸೆಸರ್ ತನ್ನ ಆದೇಶಗಳನ್ನು ಬರೆದ ಸಾಲಿನಲ್ಲೇ ನಡೆಸುತ್ತದೆ, ಎಲ್ಲ ಪ್ರೊಸೆಸರುಗಳ ಕೆಲಸವನ್ನೂ ಒಂದೇ ಸರಪಳಿಯಾಗಿ ಪೋಣಿಸಬಹುದು ಎಂಬುದು ನಾವೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡ ನಂಬಿಕೆ. 1979ರ ಪುಟ್ಟ ಪ್ರಬಂಧದಲ್ಲಿ ಅವರು ಅದನ್ನು 'ಸೀಕ್ವೆನ್ಷಿಯಲ್ ಕನ್ಸಿಸ್ಟೆನ್ಸಿ' ಎಂದು ಕರೆದರು. ಒಂಟಿಯಾಗಿ ಸರಿಯಿರುವ ಪ್ರೊಸೆಸರುಗಳನ್ನು ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ಈ ನಂಬಿಕೆ ಉಳಿಯುವುದಿಲ್ಲ ಎಂದೂ ತೋರಿಸಿದರು. ಅಂದಿನಿಂದ ಒಂದು ಪ್ರಶ್ನೆ ಜೀವಂತವಾಗಿದೆ: ಅನುಕ್ರಮ ಕಾಯುವ ಹೊಣೆ ಯಾರದು? ಚಿಪ್ ಮಾಡುವವರದೆ, ಕಂಪೈಲರಿನದೆ, ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಬರೆಯುವವರದೆ? ನಾಲ್ಕು ದಶಕಗಳ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ, ಬೇಕಾದ ಆದೇಶ ಚಿಪ್ಪಿನಲ್ಲಿ ಇಲ್ಲದಿದ್ದದ್ದು ಕೆಟ್ಟ ತಪ್ಪುಗಳಿಗೆ ಕಾರಣವಲ್ಲ, ಯಾರು ಏನು ಮಾತು ಕೊಟ್ಟಿದ್ದಾರೆ ಎಂಬುದನ್ನು ಬರೆದಿಡದೆ ಹೋದದ್ದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಬರಹ ತಡವಾಗುವುದೇಕೆ

ಮೊದಲು ಹುಡುಗನ ಪರ ವಕಾಲತ್ತು ಮಾಡೋಣ. 3 ಗಿಗಾಹರ್ಟ್ಸ್ ಪ್ರೊಸೆಸರಿಗೆ ಒಂದು ನ್ಯಾನೊಸೆಕೆಂಡಿನಲ್ಲಿ ಮೂರು ಕ್ಲಾಕ್ ಸೈಕಲ್. ಪಕ್ಕದಲ್ಲೇ ಇರುವ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ನಿಂದ ಓದಲು ನಾಲ್ಕೈದು ಸೈಕಲ್ ಸಾಕು. ಮುಖ್ಯ ಮೆಮೊರಿಗೆ ಹೋಗಿಬರಲು ಸುಮಾರು 100 ನ್ಯಾನೊಸೆಕೆಂಡ್, ಅಂದರೆ ಸುಮಾರು 300 ಸೈಕಲ್. ಬರೆಯುವುದಂತೂ ಇನ್ನೂ ತಾಪತ್ರಯ. 1984ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಪ್ಯಾಪಮಾರ್ಕೋಸ್ ಮತ್ತು ಜನಕ್ ಪಟೇಲ್ ರೂಪಿಸಿದ, ಮುಂದೆ 'ಮೆಸಿ' ಎಂದು ಹೆಸರಾದ ಕ್ಯಾಶ್ ನಿಯಮದ ಪ್ರಕಾರ, ಒಂದು ಕೋರ್ ಯಾವುದೇ ಕ್ಯಾಶ್ ಸಾಲಿಗೆ ಬರೆಯಬೇಕಾದರೆ ಮೊದಲು ಅದರ ಒಡೆತನ ಪಡೆಯಬೇಕು. ಅದೇ ಸಾಲಿನ ಪ್ರತಿ ಬೇರೆ ಕೋರುಗಳಲ್ಲಿದ್ದರೆ ಅವು ತಮ್ಮ ಪ್ರತಿಯನ್ನು ರದ್ದು ಮಾಡಬೇಕು, ರದ್ದಾಯಿತೆಂದು ತಿಳಿಸಬೇಕು. ಅಷ್ಟು ಹೊತ್ತು ಕೋರ್ ಕೈಕಟ್ಟಿ ನಿಂತರೆ ಅದರ ವೇಗಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಬರಹವನ್ನು ಸ್ಟೋರ್ ಬಫರಿಗೆ ಕೊಟ್ಟು ಅದು ಮುಂದಿನ ಕೆಲಸಕ್ಕೆ ಹೋಗುತ್ತದೆ.

ತನ್ನದೇ ಬರಹವನ್ನು ಮತ್ತೆ ಓದಬೇಕಾದಾಗ ಕೋರ್ ಮೊದಲು ತನ್ನ ಬಫರಿನಲ್ಲಿ ಹುಡುಕುತ್ತದೆ. ಹೀಗಾಗಿ ತನ್ನ ಮಟ್ಟಿಗೆ ಅದಕ್ಕೆ ಎಲ್ಲವೂ ಸಾಲಾಗಿಯೇ ನಡೆದಂತೆ ಕಾಣುತ್ತದೆ. ಒಂದೇ ಕೋರಿನ ಕಾಲದಲ್ಲಿ ಬರೆದ ಪ್ರೋಗ್ರಾಮುಗಳಿಗೆ ಈ ಗುಟ್ಟು ಗೊತ್ತಾಗದಿರಲು ಇದೇ ಕಾರಣ. ಇನ್ನೊಂದು ಕೋರ್ ಪಕ್ಕದಲ್ಲಿ ಕೂತು ನೋಡಿದಾಗಲೇ ಬಣ್ಣ ಬಯಲು.

ಯಂತ್ರದ ಜೊತೆಗೆ ಕಂಪೈಲರೂ ಸಾಲು ತಪ್ಪಿಸುತ್ತದೆ. ಒಂದು ಬಾವುಟ ಏರುವವರೆಗೂ ಲೂಪಿನಲ್ಲಿ ಕಾಯುವ ಸಾಲು ಬರೆದರೆ, 'ಈ ಲೂಪಿನೊಳಗೆ ಯಾರೂ ಬಾವುಟ ಮುಟ್ಟುತ್ತಿಲ್ಲವಲ್ಲ' ಎಂದು ಕಂಪೈಲರ್ ಅದನ್ನು ಒಮ್ಮೆ ಮಾತ್ರ ಓದಿ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ಬಾವುಟ ಏರಿದರೂ ಲೂಪು ಮುಗಿಯುವುದಿಲ್ಲ. ಇದು ಕಂಪೈಲರಿನ ದೋಷವಲ್ಲ; ಸಿ ಭಾಷೆಯ ಹಳೆಯ ನಿಯಮದಲ್ಲಿ 'ಇನ್ನೊಬ್ಬ' ಎಂಬುವನೇ ಇರಲಿಲ್ಲ. ಥ್ರೆಡ್ಡುಗಳನ್ನು ಬರಿಯ ಲೈಬ್ರರಿಯಾಗಿ ಅಂಟಿಸಿದರೆ ಸಾಲದು, ಭಾಷೆಯೇ ಅವನ್ನು ಒಪ್ಪಬೇಕು ಎಂದು ಹಾನ್ಸ್ ಬೋಮ್ 2005ರಲ್ಲಿ ವಾದಿಸಿದರು. 2011ರ ಸಿ ಮತ್ತು ಸಿ++ ಮಾನಕಗಳಲ್ಲಿ ಮೆಮೊರಿಯ ನಿಯಮಾವಳಿ ಸೇರಿತು. ಅಷ್ಟು ಹೊತ್ತಿಗೆ ಲಿನಕ್ಸ್ ಕರ್ನಲ್‌ಗೆ ಇಪ್ಪತ್ತು ವರ್ಷ. ತನ್ನದೇ ಕಟ್ಟಳೆಗಳನ್ನು ಕಟ್ಟಿಕೊಂಡೇ ಅದು ಬೆಳೆದಿತ್ತು.

ಒಂದೊಂದು ಚಿಪ್ಪಿಗೆ ಒಂದೊಂದು ನಡವಳಿಕೆ

ಒಂದು ಓದು ಅಥವಾ ಬರಹ, ಅದರ ಹಿಂದೆ ಇನ್ನೊಂದು ಓದು ಅಥವಾ ಬರಹ: ಒಟ್ಟು ನಾಲ್ಕು ಜೋಡಿ. ಯಾವ ಜೋಡಿಯಲ್ಲಿ ಹಿಂದಿನದು ಮುಂದಿನದನ್ನು ದಾಟಬಹುದು ಎಂಬುದರ ಮೇಲೆ ಚಿಪ್ಪುಗಳ ಜಾತಿ ನಿರ್ಧಾರವಾಗುತ್ತದೆ.

ಇಂಟೆಲ್ ಮತ್ತು ಎಎಂಡಿಯ ಎಕ್ಸ್86 ಈ ವಿಷಯದಲ್ಲಿ ಬಿಗಿ ಮನೆತನದ್ದು. ಸಾಮಾನ್ಯ ಮೆಮೊರಿಯಲ್ಲಿ ಅದು ಒಂದೇ ಒಂದು ಸಡಿಲಿಕೆ ಕೊಡುತ್ತದೆ: ಹಿಂದೆ ಬರುವ ಓದು ಮುಂದಿರುವ ಬರಹವನ್ನು ದಾಟಬಹುದು. ಸಂಕದ ಕಥೆ ಕೆಡುವುದು ಇಷ್ಟರಿಂದಲೇ. ಸನ್ ಕಂಪನಿಯ ಸ್ಪಾರ್ಕ್ ಇದೇ ನಡವಳಿಕೆಗೆ 'ಟೋಟಲ್ ಸ್ಟೋರ್ ಆರ್ಡರ್', ಚಿಕ್ಕದಾಗಿ ಟಿಎಸ್‌ಒ ಎಂಬ ಹೆಸರು ಕೊಟ್ಟಿತ್ತು. ಅದಕ್ಕಿಂತ ಸಡಿಲವಾದ ಇನ್ನೆರಡು ಮಾದರಿಗಳನ್ನೂ ಸ್ಪಾರ್ಕ್ ಪುಸ್ತಕದಲ್ಲಿ ಬರೆದಿಟ್ಟರೂ ಸನ್‌ನ ಆಪರೇಟಿಂಗ್ ಸಿಸ್ಟಂ ಸೊಲಾರಿಸ್ ಟಿಎಸ್‌ಒ ಮೇಲೆಯೇ ಓಡಿತು.

ಐಬಿಎಂನ ಪವರ್ ಮತ್ತು ಮೊಬೈಲುಗಳ ಆರ್ಮ್ ನಾಲ್ಕು ಜೋಡಿಗಳನ್ನೂ ಸಡಿಲ ಬಿಡುತ್ತವೆ. ಬೇಕಾದವರು ಆದೇಶ ಕೊಟ್ಟು ಬಿಗಿ ಮಾಡಿಕೊಳ್ಳಬೇಕು: ಪವರ್‌ನಲ್ಲಿ 'ಸಿಂಕ್', 'ಎಲ್‌ಡಬ್ಲ್ಯುಸಿಂಕ್', ಆರ್ಮ್‌ನಲ್ಲಿ 'ಡಿಎಂಬಿ', 'ಡಿಎಸ್‌ಬಿ'. ಪವರ್‌ನಲ್ಲಿ ಇನ್ನೊಂದು ತೊಡಕು. ಒಂದೇ ಬರಹ ಒಂದು ಕೋರಿಗೆ ಮೊದಲು, ಇನ್ನೊಂದಕ್ಕೆ ತಡವಾಗಿ ಕಾಣಬಹುದು. ಎರಡು ಸ್ವತಂತ್ರ ಬರಹಗಳಲ್ಲಿ ಯಾವುದು ಮುಂಚೆ ಎಂಬ ಬಗ್ಗೆ ನೋಡುವವರಿಬ್ಬರಲ್ಲೇ ಭಿನ್ನಾಭಿಪ್ರಾಯ ಬರಬಹುದು. ಆರ್ಮ್‌ನ ಎಂಟನೇ ಆವೃತ್ತಿಯೂ ಮೊದಲು ಇದಕ್ಕೆ ಅವಕಾಶ ಕೊಟ್ಟಿತ್ತು, ಆಮೇಲೆ ಹಿಂತೆಗೆದುಕೊಂಡಿತು. ಆ ಬದಲಾವಣೆಯನ್ನು ಗಣಿತದಲ್ಲಿ ಹಿಡಿದಿಟ್ಟ 2018ರ ಪ್ರಬಂಧದ ಲೇಖಕರಲ್ಲಿ ಲಿನಕ್ಸ್‌ನ ಆರ್ಮ್ ಭಾಗ ನೋಡಿಕೊಳ್ಳುವ ವಿಲ್ ಡೀಕನ್ ಕೂಡ ಒಬ್ಬರು. ಚಿಪ್ಪಿನ ನಿಯಮ ಬರೆಯುವ ಮೇಜಿಗೆ ಕರ್ನಲ್‌ನವರೂ ಬಂದು ಕೂತಿದ್ದು ಈ ಕಥೆಯ ಒಂದು ತಿರುವು.

ಎಲ್ಲರಿಗಿಂತ ಸಡಿಲ ಎಂಬ ಬಿರುದು ಡಿಜಿಟಲ್ ಕಂಪನಿಯ ಆಲ್ಫಾಗೆ ಸಲ್ಲಬೇಕು. 1992ರಲ್ಲಿ ಬಂದ ಈ ಚಿಪ್ಪಿನ ನಿಯಮದಲ್ಲಿ ತರ್ಕಕ್ಕೇ ಸವಾಲು ಹಾಕುವ ಅವಕಾಶವೊಂದಿತ್ತು. ಒಂದು ಪಾಯಿಂಟರ್ ಓದಿ, ಅದು ತೋರಿದ ಜಾಗಕ್ಕೆ ಹೋಗಿ ಅಲ್ಲಿರುವುದನ್ನು ಓದುತ್ತೀರಿ. ವಿಳಾಸ ಸಿಗದೆ ಮನೆಗೆ ಹೋಗುವುದು ಹೇಗೆ? ಮೊದಲ ಓದು ಮುಗಿಯದೆ ಎರಡನೆಯದು ಆಗುವುದೇ ಸಾಧ್ಯವಿಲ್ಲ ಎಂದು ಯಾರಾದರೂ ಹೇಳುತ್ತಾರೆ. ಆದರೆ ಆಲ್ಫಾದಲ್ಲಿ ಪಾಯಿಂಟರ್ ಹೊಸದು, ಅದು ತೋರುವ ಮಾಹಿತಿ ಹಳೆಯದು ಎಂಬ ಫಲಿತಾಂಶ ಬರಬಹುದಿತ್ತು. ಕ್ಯಾಶ್ ಎರಡು ಹೋಳಾಗಿದ್ದು, ಒಂದು ಹೋಳಿಗೆ ಬಂದ ರದ್ದತಿ ಸೂಚನೆಗಳು ಇತ್ಯರ್ಥವಾಗಿ, ಬಿಡುವಿಲ್ಲದ ಇನ್ನೊಂದು ಹೋಳಿನಲ್ಲಿ ಇನ್ನೂ ಸರತಿಯಲ್ಲೇ ಇದ್ದರೆ ಹೀಗಾಗುತ್ತದೆ: ಹೊಸ ವಿಳಾಸ ಹಿಡಿದು ಹೋದವನಿಗೆ ಮನೆಯಲ್ಲಿ ಹಳೆಯ ಬಾಡಿಗೆದಾರ ಬಾಗಿಲು ತೆರೆದಂತೆ.

ಹೊಸ ತಲೆಮಾರಿನ ರಿಸ್ಕ್-ಫೈವ್ ಈ ಎಲ್ಲ ಅನುಭವವನ್ನು ಓದಿಕೊಂಡೇ ಹುಟ್ಟಿತು. ಅದರ 'ಫೆನ್ಸ್' ಆದೇಶದಲ್ಲಿ ಯಾವ ಬಗೆಯ ಕೆಲಸ ಮುಂದೆ, ಯಾವ ಬಗೆಯದು ಹಿಂದೆ ಎಂದು ಓದು, ಬರಹ, ಸಾಧನದಿಂದ ಒಳಬರುವುದು, ಸಾಧನಕ್ಕೆ ಹೊರಹೋಗುವುದು ಎಂಬ ನಾಲ್ಕು ಗುರುತುಗಳಲ್ಲಿ ಬಿಡಿಬಿಡಿಯಾಗಿ ಹೇಳಬಹುದು.

ಬ್ಯಾರಿಯರ್ ಏನು, ಏನಲ್ಲ

ಮೆಮೊರಿ ಬ್ಯಾರಿಯರ್ ಎಂದರೆ 'ಈ ಗೆರೆಯ ಮೇಲಿನವು ಮೊದಲು, ಕೆಳಗಿನವು ಆಮೇಲೆ' ಎಂಬ ಸೂಚನೆ. ಹೊಸಬರು ಎರಡು ಕಡೆ ಎಡವುತ್ತಾರೆ. ಬ್ಯಾರಿಯರ್ ಹಾಕಿದರೆ ಬರಹ ತಕ್ಷಣ ಮೆಮೊರಿಗೆ ದಬ್ಬಲ್ಪಡುತ್ತದೆ ಎಂದುಕೊಳ್ಳುವುದು ಮೊದಲನೆಯದು. ಕೆಲವು ಚಿಪ್ಪುಗಳಲ್ಲಿ ಬಫರ್ ಖಾಲಿಯಾಗುವವರೆಗೆ ಕಾಯುವುದು ನಿಜ, ಆದರೆ ಕರ್ನಲ್ ನಂಬಬಹುದಾದ ಮಾತು ಅನುಕ್ರಮದ್ದು ಮಾತ್ರ, ಸಮಯದ್ದಲ್ಲ. ಎರಡನೆಯದು, ಒಂದು ಕಡೆ ಹಾಕಿದರೆ ಸಾಕು ಎಂಬ ನಂಬಿಕೆ.

ಸರಳ ಉದಾಹರಣೆ: ಒಬ್ಬ ಸರಕು ಇಟ್ಟು ಬಾವುಟ ಏರಿಸುತ್ತಾನೆ, ಇನ್ನೊಬ್ಬ ಬಾವುಟ ನೋಡಿ ಸರಕು ಎತ್ತಿಕೊಳ್ಳುತ್ತಾನೆ. ಇಡುವವನು ಎರಡು ಬರಹಗಳ ನಡುವೆ ಬ್ಯಾರಿಯರ್ ಹಾಕಿ ಸಾಲು ಕಾದ. ಆದರೆ ಎತ್ತಿಕೊಳ್ಳುವವನ ಪ್ರೊಸೆಸರ್ ಚುರುಕುತನ ತೋರಿ ಸರಕಿನ ಜಾಗವನ್ನು ಮೊದಲೇ ಓದಿಟ್ಟುಕೊಂಡು, ಆಮೇಲೆ ಬಾವುಟ ನೋಡಿದರೆ ಅವನ ಕೈಗೆ ಸಿಗುವುದು ಹಳೆಯದೇ. ಆದ್ದರಿಂದ ಎತ್ತಿಕೊಳ್ಳುವ ಕಡೆಯೂ ಒಂದು ಬ್ಯಾರಿಯರ್ ಬೇಕು. ಬ್ಯಾರಿಯರ್‌ಗಳು ಜೋಡಿಯಲ್ಲೇ ಬಾಳುವ ಜೀವಿಗಳು. ಒಂಟಿ ಬ್ಯಾರಿಯರ್ ಕಂಡರೆ ಅನುಭವಿಗಳು ಅದನ್ನು ತಪ್ಪೆಂದೇ ಅನುಮಾನಿಸುತ್ತಾರೆ.

ಈ ಜೋಡಿಗೆ ಅರ್ಥಪೂರ್ಣ ಹೆಸರು ಸಿಕ್ಕಿದ್ದು 1990ರಲ್ಲಿ. ಸ್ಟ್ಯಾನ್‌ಫರ್ಡ್‌ನ ಕೌರೋಶ್ ಘರಾಚೋರ್ಲೂ ಮತ್ತು ಸಂಗಡಿಗರು 'ರಿಲೀಸ್ ಕನ್ಸಿಸ್ಟೆನ್ಸಿ' ಮುಂದಿಟ್ಟರು: ಬಾವುಟ ಏರಿಸುವ ಬರಹ 'ರಿಲೀಸ್', ಅದನ್ನು ನೋಡುವ ಓದು 'ಅಕ್ವೈರ್'. ರಿಲೀಸಿಗೆ ಮೊದಲು ನಡೆದದ್ದೆಲ್ಲ ಅಕ್ವೈರಿನ ನಂತರದವರಿಗೆ ಕಾಣುತ್ತದೆ. ಅದೇ ವರ್ಷ ಮುಂಬೈ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಸರಿತಾ ಅಡ್ವೆ, ಮಾರ್ಕ್ ಹಿಲ್ ಜೊತೆ ಸೇರಿ ಪ್ರಶ್ನೆಯನ್ನೇ ತಿರುಗಿಸಿಟ್ಟರು. ಪ್ರೋಗ್ರಾಮ್ ಬರೆಯುವವರು ಹಂಚಿಕೊಂಡ ಮಾಹಿತಿಯ ಮೇಲೆ ಪೈಪೋಟಿ ನಡೆಯದಂತೆ ನೋಡಿಕೊಂಡರೆ, ಯಂತ್ರ ಅವರಿಗೆ ಲ್ಯಾಂಪೋರ್ಟರ ಸರಳ ಲೋಕವನ್ನೇ ತೋರಿಸಬೇಕು ಎಂಬ ಕರಾರು ಅವರದು. ಜಾವಾ, ಸಿ++ ಭಾಷೆಗಳ ಮೆಮೊರಿ ನಿಯಮಗಳು ಈ ಬುನಾದಿಯ ಮೇಲೆಯೇ ನಿಂತಿವೆ. ಆರ್ಮ್ ತನ್ನ ಎಂಟನೇ ಆವೃತ್ತಿಯಲ್ಲಿ ಅಕ್ವೈರ್ ಮತ್ತು ರಿಲೀಸ್‌ಗೆ ಪ್ರತ್ಯೇಕ ಆದೇಶಗಳನ್ನೇ ಕೊಟ್ಟಿತು.

ಎಲ್ಲ ಗಂಟುಗಳೂ ಈ ಜೋಡಿಯಿಂದ ಬಿಚ್ಚುವುದಿಲ್ಲ. ಕರ್ನಲ್‌ನ ಎದೆಬಡಿತದಂತಿರುವ ಮಲಗು-ಎಬ್ಬಿಸು ವ್ಯವಹಾರವನ್ನೇ ನೋಡಿ. ಒಂದು ಕೆಲಸ 'ನಾನು ಮಲಗುತ್ತಿದ್ದೇನೆ' ಎಂದು ಬರೆದು, ತಾನು ಕಾಯುತ್ತಿದ್ದದ್ದು ಬಂದಿದೆಯೇ ಎಂದು ಕೊನೆಯ ಸಲ ನೋಡುತ್ತದೆ. ಎಬ್ಬಿಸುವವನು 'ಬಂತು' ಎಂದು ಬರೆದು, ಯಾರಾದರೂ ಮಲಗಿದ್ದಾರೆಯೇ ಎಂದು ನೋಡುತ್ತಾನೆ. ಇದು ಕಾಲುಸಂಕದ ಕಥೆಯೇ. ಎರಡೂ ಬರಹಗಳು ಬಫರಿನಲ್ಲಿ ಉಳಿದರೆ ಒಬ್ಬ ಮಲಗಿಯೇ ಬಿಡುತ್ತಾನೆ, ಇನ್ನೊಬ್ಬ 'ಯಾರೂ ಮಲಗಿಲ್ಲ' ಎಂದು ಹೊರಟುಹೋಗುತ್ತಾನೆ. ಬರಹದ ನಂತರದ ಓದು ಅದನ್ನು ದಾಟದಂತೆ ತಡೆಯಲು ಅಕ್ವೈರ್-ರಿಲೀಸ್ ಸಾಲದು. ಎರಡು ಕಡೆಯೂ ಪೂರ್ಣ ಬ್ಯಾರಿಯರ್ ಬೇಕು. ಲಿನಕ್ಸ್ ಅದನ್ನು ಸ್ಥಿತಿ ಬದಲಿಸುವ ಮತ್ತು ಎಬ್ಬಿಸುವ ಫಂಕ್ಷನ್ನುಗಳ ಒಳಗೇ ಅಡಗಿಸಿಟ್ಟಿದೆ. ಡ್ರೈವರ್ ಬರೆಯುವ ಸಾವಿರಾರು ಮಂದಿ ಅದನ್ನು ಅರಿಯದೆಯೇ ಬಳಸುತ್ತಾರೆ. ಒಳ್ಳೆಯ ಕಟ್ಟಳೆಯ ಲಕ್ಷಣವೂ ಅದೇ.

ಬರೆದಿಡದ ಮಾತಿನ ಬೆಲೆ

1999ರ ನವೆಂಬರಿನಲ್ಲಿ ಲಿನಕ್ಸ್ ಬರೆಯುವವರ ನಡುವೆ ಒಂದು ಚರ್ಚೆ ಎದ್ದಿತು. ಎಕ್ಸ್86ರಲ್ಲಿ ಸ್ಪಿನ್‌ಲಾಕ್ (ಒಬ್ಬರು ಒಳಗಿರುವಾಗ ಉಳಿದವರು ಲೂಪಿನಲ್ಲಿ ಸುತ್ತುತ್ತ ಕಾಯುವ ಬೀಗ) ಬಿಡುವಾಗ ಮೆಮೊರಿಯ ಬಸ್ಸನ್ನೇ ಬಿಗಿಹಿಡಿಯುವ ದುಬಾರಿ ಆದೇಶ ಬೇಕೆ, ಸಾದಾ ಬರಹವೊಂದು ಸಾಲದೆ? ಮೊದಲನೆಯದಕ್ಕೆ ಸುಮಾರು 22 ಸೈಕಲ್, ಎರಡನೆಯದಕ್ಕೆ ಒಂದು. ಲಾಕ್ ಬಿಡುವುದು ಕರ್ನಲ್‌ನಲ್ಲಿ ಎಡೆಬಿಡದೆ ನಡೆಯುವ ಕೆಲಸವಾದ್ದರಿಂದ ಇದು ಸಣ್ಣ ಉಳಿತಾಯವಲ್ಲ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಹಾಗೆ ಮಾಡಿದರೆ ಲಾಕಿನೊಳಗಿನ ಓದು ಹೊರಗೆ ಜಾರಬಹುದು ಎಂದು ವಾದಿಸಿದರು. ಕೊನೆಗೆ ಇಂಟೆಲ್‌ನ ಎಂಜಿನಿಯರೊಬ್ಬರು ಬಂದು, ಮೊದಲಿನ ಓದನ್ನು ನಂತರದ ಬರಹ ದಾಟದು, ಸಾದಾ ಬರಹ ಸಾಕು ಎಂದು ವಿವರಿಸಿದ ಮೇಲೆ ವಿಷಯ ಇತ್ಯರ್ಥವಾಯಿತು.

ಜಗತ್ತಿನ ಮೇಜಿನ ಕಂಪ್ಯೂಟರುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಚಿಪ್ಪು ಅದು. ಲಾಕ್ ಬಿಡುವುದು ಹೇಗೆ ಎಂಬ ಪ್ರಾಥಮಿಕ ಪ್ರಶ್ನೆಗೆ ಅದರ ಕೈಪಿಡಿಯಲ್ಲಿ ಉತ್ತರ ಇರಲಿಲ್ಲ. ಇದ್ದದ್ದು ಹಲವು ಅರ್ಥ ಬರುವ ಗದ್ಯ. ಸಾಲದ್ದಕ್ಕೆ ಪೆಂಟಿಯಂ ಪ್ರೊ ಚಿಪ್ಪಿನಲ್ಲಿ ಅನುಕ್ರಮಕ್ಕೆ ಸಂಬಂಧಿಸಿದ ದೋಷಗಳಿದ್ದವು. ಅವುಗಳಿಗಾಗಿ ಇಟ್ಟ ವಿಶೇಷ ಏರ್ಪಾಡನ್ನು ಲಿನಕ್ಸ್ ಕೈಬಿಟ್ಟಿದ್ದು 2018ರಲ್ಲಿ.

ಬರೆದಿಡುವ ಕೆಲಸ ಎರಡು ಕಡೆಯಿಂದ ನಡೆಯಿತು. ಕರ್ನಲ್ ಕಡೆಯಿಂದ ಡೇವಿಡ್ ಹೋವೆಲ್ಸ್ 2006ರಲ್ಲಿ ಬ್ಯಾರಿಯರ್‌ಗಳ ಬಗ್ಗೆ ಉದ್ದನೆಯ ದಸ್ತಾವೇಜು ಬರೆದರು. ಪಾಲ್ ಮೆಕೆನ್ನಿ ಮತ್ತಿತರರು ಅದನ್ನು ಬೆಳೆಸಿದರು. ಇದನ್ನು ನಿಯಮಪುಸ್ತಕವೆಂದು ತಿಳಿಯಬೇಡಿ ಎಂದು ಅದು ತಾನೇ ಎಚ್ಚರಿಸುತ್ತದೆ. ಚಿಪ್ ಕಡೆಯಿಂದ ಇಂಟೆಲ್ 2007ರ ಆಗಸ್ಟಿನಲ್ಲಿ ಅನುಕ್ರಮದ ನಿಯಮಗಳನ್ನು ಚಿಕ್ಕ ಚಿಕ್ಕ ಉದಾಹರಣೆಗಳೊಂದಿಗೆ ಪ್ರಕಟಿಸಿತು. ಕೇಂಬ್ರಿಜ್‌ನ ಪೀಟರ್ ಸ್ಯೂಯೆಲ್ ತಂಡ ಆ ಗದ್ಯವನ್ನು ಗಣಿತಕ್ಕೆ ಇಳಿಸಹೊರಟಾಗ ಮೊದಲ ಪ್ರಯತ್ನ ನಿಜವಾದ ಯಂತ್ರಗಳ ನಡವಳಿಕೆಗೆ ಹೊಂದಲಿಲ್ಲ. ಬರಹವನ್ನು ಗುಮಾನಿಯಿಂದ ಓದಿ, ಯಂತ್ರಗಳ ಮೇಲೆ ಪರೀಕ್ಷೆ ನಡೆಸಿ, 2010ರ ಹೊತ್ತಿಗೆ ಅವರು 'ಎಕ್ಸ್86-ಟಿಎಸ್‌ಒ' ಮಾದರಿ ಮುಂದಿಟ್ಟರು: ಪ್ರತಿ ಕೋರಿಗೆ ಒಂದು ಸರತಿ ಬಫರ್, ಎಲ್ಲರಿಗೂ ಒಂದು ಮೆಮೊರಿ, ಒಂದು ಲಾಕ್. ಒಂದು ಪುಟದಲ್ಲಿ ಬಿಡಿಸಬಹುದಾದ ಚಿತ್ರ. ಹನ್ನೊಂದು ವರ್ಷ ಹಿಂದಿನ ಸ್ಪಿನ್‌ಲಾಕ್ ಜಗಳವನ್ನು ಈಗ ಅರ್ಧ ಪುಟದ ಸಾಧನೆಯಲ್ಲಿ ಮುಗಿಸಬಹುದಿತ್ತು.

ಲಿನಕ್ಸ್‌ಗೂ ಅಂಥದ್ದೇ ಬೇಕಿತ್ತು, ಆದರೆ ಅದರ ಕಷ್ಟ ಬೇರೆ: ಹತ್ತಾರು ಜಾತಿಯ ಚಿಪ್ಪುಗಳ ಮೇಲೆ ಓಡುವ ಒಂದೇ ಕೋಡ್‌ಗೆ ಒಂದೇ ನಿಯಮ. ಜೇಡ್ ಆಲ್‌ಗ್ಲೇವ್, ಲುಕ್ ಮರಾಂಜೆ, ಪಾಲ್ ಮೆಕೆನ್ನಿ, ಆಂಡ್ರಿಯಾ ಪಾರ್ರಿ ಮತ್ತು ಅಲನ್ ಸ್ಟರ್ನ್ 2018ರಲ್ಲಿ ಅದನ್ನು ಕೊಟ್ಟರು. ಅದೇ ವರ್ಷದ 4.17 ಆವೃತ್ತಿಯಲ್ಲಿ ಅದು ಕರ್ನಲ್‌ನ ಭಾಗವಾಯಿತು. ಇದು ಓದುವ ಪುಸ್ತಕವಲ್ಲ, ಓಡಿಸುವ ಪುಸ್ತಕ. ನಾಲ್ಕಾರು ಸಾಲಿನ ಸಂಶಯವನ್ನು ಬರೆದು 'ಹರ್ಡ್' ಎಂಬ ಉಪಕರಣಕ್ಕೆ ಕೊಟ್ಟರೆ, ಆ ಫಲಿತಾಂಶ ಸಾಧ್ಯವೋ ಅಸಾಧ್ಯವೋ ಎಂದು ಹೇಳುತ್ತದೆ. ಇಷ್ಟು ಚಿಕ್ಕ ತುಣುಕುಗಳಿಂದಾಚೆಗಿನ ಕರ್ನಲ್‌ಗೆ ಬೇರೆ ಬಲೆ ಬೇಕಾಯಿತು. 2020ರ 5.8 ಆವೃತ್ತಿಯಲ್ಲಿ ಬಂದ 'ಕೆಸಿಸ್ಯಾನ್' ಓಡುತ್ತಿರುವ ಕರ್ನಲ್‌ನಲ್ಲೇ ಪೈಪೋಟಿಗಳನ್ನು ಹಿಡಿಯುತ್ತದೆ, 2022ರ 5.17ರಿಂದ ಕೆಲವು ಬಗೆಯ ಬಿಟ್ಟುಹೋದ ಬ್ಯಾರಿಯರ್‌ಗಳನ್ನೂ ಪತ್ತೆಮಾಡುತ್ತದೆ.

ಬೆಂಗಳೂರಿನ ಕೈ

ಬ್ಯಾರಿಯರ್‌ಗೆ ಬೆಲೆ ಇದೆ. ಪೂರ್ಣ ಬ್ಯಾರಿಯರ್ ಹತ್ತಾರು ಸೈಕಲ್ ತಿನ್ನುತ್ತದೆ. ಓದುವವರು ಬಹಳ, ಬದಲಿಸುವವರು ವಿರಳ ಎಂಬಂಥ ಕಡೆ ಓದುವವರ ತಲೆಯ ಮೇಲೆ ಆ ಹೊರೆ ಹೊರಿಸುವುದು ಅನ್ಯಾಯ. ಸೀಕ್ವೆಂಟ್ ಕಂಪನಿಯಲ್ಲಿದ್ದಾಗ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ರೂಪಿಸಿದ 'ರೀಡ್-ಕಾಪಿ ಅಪ್‌ಡೇಟ್', ಅಂದರೆ ಆರ್‌ಸಿಯು, ಇದಕ್ಕೆ ಉತ್ತರ. ಬದಲಿಸುವವನು ಹೊಸ ಪ್ರತಿ ಸಿದ್ಧಮಾಡಿ, ಪಾಯಿಂಟರನ್ನು ಒಂದೇ ಏಟಿಗೆ ಅದರತ್ತ ತಿರುಗಿಸುತ್ತಾನೆ. ಹಳೆಯದನ್ನು ಓದುತ್ತಿದ್ದವರೆಲ್ಲ ಮುಗಿಸಿ ಹೊರಡುವವರೆಗೆ ಕಾದು, ಆಮೇಲೆ ಅದನ್ನು ಅಳಿಸುತ್ತಾನೆ. ಓದುವವರು ಲಾಕ್ ಹಿಡಿಯುವುದಿಲ್ಲ.

ಈ ತಂತ್ರ ಲಿನಕ್ಸ್ ಸೇರಿದ್ದು 2002ರ ಅಕ್ಟೋಬರಿನ 2.5.43 ಆವೃತ್ತಿಯಲ್ಲಿ. ಒಳಸೇರಿದ ಆ ರೂಪ ಬೆಂಗಳೂರಿನ ಐಬಿಎಂ ಲಿನಕ್ಸ್ ತಂಡದ ದೀಪಂಕರ್ ಶರ್ಮಾ ಅವರದು. ಫೈಲಿನ ಹೆಸರಿನಿಂದ ಫೈಲನ್ನು ಹುಡುಕುವ ಡೈರೆಕ್ಟರಿ ಕ್ಯಾಶ್‌ಗೆ ಆರ್‌ಸಿಯು ಅಳವಡಿಸಿದ ಕೆಲಸದಲ್ಲಿ ಅವರ ಜೊತೆ ಮನೀಶ್ ಸೋನಿ ಇದ್ದರು. ಇಂದು ಯಾವುದೇ ಆಂಡ್ರಾಯ್ಡ್ ಫೋನು ಫೈಲು ತೆರೆದರೂ ಆ ಹಾದಿಯಲ್ಲೇ ನಡೆಯುತ್ತದೆ.

ಆರ್‌ಸಿಯು ಓದುಗ ಮಾಡುವುದು ಪಾಯಿಂಟರ್ ಹಿಡಿದು ಹೋಗುವ ಕೆಲಸವನ್ನೇ. ಆಲ್ಫಾ ಒಂದನ್ನು ಬಿಟ್ಟರೆ ಲಿನಕ್ಸ್ ಓಡುವ ಬೇರೆಲ್ಲ ಚಿಪ್ಪುಗಳಲ್ಲಿ ಅದಕ್ಕೆ ಬ್ಯಾರಿಯರ್ ಬೇಡ. ಲಿನಕ್ಸ್ 1995ರಲ್ಲೇ ಆಲ್ಫಾಗೆ ಒಗ್ಗಿಕೊಂಡಿದ್ದರಿಂದ, ಅತಿ ಸಡಿಲನ ಲೆಕ್ಕಕ್ಕೆ ಎಲ್ಲರ ಕಟ್ಟಳೆಯೂ ರೂಪುಗೊಂಡಿತ್ತು. ಪಾಯಿಂಟರ್ ಹಿಡಿದು ಹೋಗುವಲ್ಲೆಲ್ಲ ಒಂದು ವಿಶೇಷ ಬ್ಯಾರಿಯರ್ ಬರೆಯಬೇಕಿತ್ತು. ಆಲ್ಫಾ ಬಿಟ್ಟು ಉಳಿದೆಡೆ ಅದು ಏನೂ ಮಾಡುತ್ತಿರಲಿಲ್ಲ. ಆಲ್ಫಾ ಮಾರುಕಟ್ಟೆಯಿಂದ ಮರೆಯಾದ ಎಷ್ಟೋ ವರ್ಷಗಳ ನಂತರ, 2018ರ 4.15ರಲ್ಲಿ ಆ ಬ್ಯಾರಿಯರನ್ನು 'ರೀಡ್-ಒನ್ಸ್' ಎಂಬ ಓದುವ ಮ್ಯಾಕ್ರೊದೊಳಗೆ ಮುಚ್ಚಿಟ್ಟರು, 2020ರ 5.9ರಲ್ಲಿ ಅದರ ಹೆಸರೇ ಅಳಿಯಿತು. ಭಾರವನ್ನು ಎಲ್ಲರ ಹೆಗಲಿನಿಂದ ಇಳಿಸಿ ಆಲ್ಫಾದ ಹೆಗಲಿಗೇ ಕಟ್ಟಿದಂತಾಯಿತು.

ಹೊರೆ ವರ್ಗಾಯಿಸುವ ಇನ್ನೊಂದು ಜಾಣತನ 2015ರ 4.3 ಆವೃತ್ತಿಯ 'ಮೆಂಬ್ಯಾರಿಯರ್' ಸಿಸ್ಟಂ ಕಾಲ್. ಪದೇಪದೇ ನಡೆಯುವ ಕಡೆ ಬ್ಯಾರಿಯರ್ ತೆಗೆದುಹಾಕಿ, ಅಪರೂಪಕ್ಕೆ ನಡೆಯುವ ಕಡೆಯವರು ಕರ್ನಲ್ ಮೂಲಕ ಎಲ್ಲ ಕೋರುಗಳಿಂದಲೂ ಬ್ಯಾರಿಯರ್ ಮಾಡಿಸುವ ಏರ್ಪಾಡು ಇದು.

ಮೆಮೊರಿಯ ಆಚೆ: ಸಾಧನ ಮತ್ತು ಡಿಸ್ಕ್

ಇನ್ನೊಂದು ದಡದಲ್ಲಿ ಕೋರ್ ಬದಲು ನೆಟ್‌ವರ್ಕ್ ಕಾರ್ಡ್ ಇದ್ದರೆ? ಡ್ರೈವರ್ ಮೆಮೊರಿಯಲ್ಲಿ ಪ್ಯಾಕೆಟಿನ ವಿಳಾಸ, ಉದ್ದ ಬರೆಯುತ್ತದೆ. 'ಇನ್ನು ಇದು ನಿನ್ನದು' ಎಂಬ ಬಿಟ್ ಬದಲಿಸುತ್ತದೆ. ಕೊನೆಗೆ ಕಾರ್ಡಿನ ರಿಜಿಸ್ಟರಿಗೆ ಬರೆದು ಗಂಟೆ ಬಾರಿಸುತ್ತದೆ. ಬಿಟ್ ಮೊದಲು ಕಂಡು ವಿಳಾಸ ತಡವಾದರೆ ಕಾರ್ಡ್ ಯಾವುದೋ ಹಳೆಯ ಜಾಗದಿಂದ ಕಸ ಎತ್ತಿ ತಂತಿಗೆ ಸುರಿಯುತ್ತದೆ. ಹೀಗಾಗದಂತೆ ಲಿನಕ್ಸ್ ಸಾಧನಗಳಿಗಾಗಿಯೇ ಬೇರೆ ಬ್ಯಾರಿಯರ್‌ಗಳನ್ನು ಇಟ್ಟಿದೆ. ಸಾದಾ ರಿಜಿಸ್ಟರ್ ಬರಹದ ಫಂಕ್ಷನ್ನು ಬಿಗಿ ಅನುಕ್ರಮ ಕಾಯುತ್ತದೆ; ವೇಗ ಬೇಕಾದವರು ತಿಳಿದೇ 'ರಿಲ್ಯಾಕ್ಸ್ಡ್' ಎಂಬ ಇನ್ನೊಂದು ಹೆಸರು ಬರೆಯಬೇಕು. ಡ್ರೈವರ್ ಬರೆಯುವವರು ಬಹುಮಟ್ಟಿಗೆ ಎಕ್ಸ್86 ಮೇಲೆ ಪರೀಕ್ಷಿಸುತ್ತಾರೆ ಎಂಬ ವಾಸ್ತವವನ್ನು ಒಪ್ಪಿದ ಕಟ್ಟಳೆ ಇದು. ಪವರ್‌ಪಿಸಿಯಲ್ಲಿ ಈ ಕೆಲಸದ ಆದೇಶಕ್ಕೆ 'ಈಯೈಈಐಓ' ಎಂದು ಹೆಸರು. ಸಾಧನಗಳ ಕೆಲಸವನ್ನು ಸಾಲಾಗಿ ನಡೆಸು ಎಂಬುದರ ಮೊದಲಕ್ಷರಗಳು ಅವು, ಜೊತೆಗೆ ಹೊಲಗದ್ದೆಯ ಇಂಗ್ಲಿಷ್ ಶಿಶುಗೀತೆಯೊಂದರ ಪಲ್ಲವಿಯೂ ಹೌದು.

ಸಾಧನಗಳನ್ನು ಪ್ರೊಸೆಸರಿಗೆ ಜೋಡಿಸುವ ಪಿಸಿಐ ದಾರಿಯಲ್ಲಿ ಇನ್ನೊಬ್ಬ ಹುಡುಗ ಸಿಗುತ್ತಾನೆ. ಸಾಧನಕ್ಕೆ ಹೋದ ಬರಹ ನಡುವಿನ ಸೇತುವೆ ಚಿಪ್ಪಿನಲ್ಲಿ ತಂಗಿರಬಹುದು. ಅದು ತಲುಪಿತೆಂದು ಖಾತ್ರಿಯಾಗಲು ಅದೇ ಸಾಧನದಿಂದ ಒಮ್ಮೆ ಓದಬೇಕು. ಓದಿನ ಉತ್ತರ ಬರಹವನ್ನು ಮುಂದೆ ತಳ್ಳದೆ ಬರಲಾರದು.

ಇದೇ ಪ್ರಶ್ನೆಯ ದೊಡ್ಡಣ್ಣ ಡಿಸ್ಕಿನಲ್ಲಿದ್ದಾನೆ. ಡಿಸ್ಕಿಗೂ ತನ್ನ ಕ್ಯಾಶ್ ಇದೆ. ಬರೆದೆನೆಂದು ಹೇಳಿ ಒಳಗೆ ತನಗೆ ಅನುಕೂಲವಾದ ಸಾಲಿನಲ್ಲಿ ಬರೆದುಕೊಳ್ಳುತ್ತದೆ. ಜರ್ನಲ್ ಇಡುವ ಫೈಲ್ ಸಿಸ್ಟಂ ಮೊದಲು ಬದಲಾವಣೆಗಳನ್ನು, ಆಮೇಲೆ 'ಮುಗಿಯಿತು' ಎಂಬ ಮುದ್ರೆಯನ್ನು ಬರೆಯುತ್ತದೆ. ಮುದ್ರೆ ಮೊದಲು ಇಳಿದು ಆ ಕ್ಷಣಕ್ಕೇ ಕರೆಂಟು ಹೋದರೆ, ಮತ್ತೆ ಎದ್ದ ಯಂತ್ರ ಕಸವನ್ನೇ ಸತ್ಯವೆಂದು ನಂಬುತ್ತದೆ. ಲಿನಕ್ಸ್ ಕೆಲಕಾಲ ಡಿಸ್ಕ್ ಸರತಿಯಲ್ಲೂ 'ಬ್ಯಾರಿಯರ್' ಎಂಬ ಕೋರಿಕೆ ಇಟ್ಟುಕೊಂಡಿತ್ತು. 2011ರ ಆರಂಭದಲ್ಲಿ ಬಂದ 2.6.37 ಅದನ್ನು ತೆಗೆದುಹಾಕಿತು. ಅನುಕ್ರಮ ಬೇಕಾದ ಫೈಲ್ ಸಿಸ್ಟಂ ಹಿಂದಿನದು ಮುಗಿಯುವವರೆಗೆ ತಾನೇ ಕಾಯಲಿ, ಆಮೇಲೆ ಕ್ಯಾಶ್ ಖಾಲಿ ಮಾಡೆಂದು ಡಿಸ್ಕಿಗೆ ಹೇಳಲಿ ಎಂಬುದು ಹೊಸ ಕರಾರು.

ಇಲ್ಲಿ ಕಳೆದುಹೋದದ್ದು ಒಂದಿದೆ. ಮೆಮೊರಿಯ ಬ್ಯಾರಿಯರ್ ಅನುಕ್ರಮವನ್ನಷ್ಟೇ ಕೇಳುತ್ತದೆ. ಡಿಸ್ಕಿನಲ್ಲಿ ಅನುಕ್ರಮ ಬೇಕೆಂದರೆ ಶಾಶ್ವತತೆಗೂ ಬೆಲೆ ತೆರಬೇಕು. 2013ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಜಯ್ ಚಿದಂಬರಂ ಮತ್ತು ಸಂಗಡಿಗರು ಇವೆರಡನ್ನೂ ಬಿಡಿಸಿ, ಸಾಲಿಗಾಗಿ ಒಂದು ಕರೆ, ಉಳಿಯುವಿಕೆಗಾಗಿ ಇನ್ನೊಂದು ಕರೆ ಇರುವ ಫೈಲ್ ಸಿಸ್ಟಂ ಕಟ್ಟಿ ತೋರಿಸಿದರು. ಮರುವರ್ಷ ಅದೇ ಗುಂಪಿನವರು ಡೇಟಾಬೇಸುಗಳೂ ಸೇರಿದಂತೆ ಹನ್ನೊಂದು ಹೆಸರಾಂತ ತಂತ್ರಾಂಶಗಳನ್ನು ಜಾಲಾಡಿದಾಗ 60 ದುರ್ಬಲ ಜಾಗಗಳು ಸಿಕ್ಕವು. ಫೈಲ್ ಸಿಸ್ಟಂ ಎಂದೂ ಕೊಡದ ಮಾತನ್ನು ಕೊಟ್ಟಿದೆ ಎಂದು ನಂಬಿ ಬರೆದ ಸಾಲುಗಳು ಅವು. ಸ್ಪಿನ್‌ಲಾಕ್ ಜಗಳಕ್ಕೂ ಇದಕ್ಕೂ ಅಂತರ ಬಹಳಿಲ್ಲ.

ಹಾಗಾದರೆ ಹೊಣೆ ಯಾರದು?

ಚಿಪ್ಪೇ ಎಲ್ಲ ಬಿಗಿಯಾಗಿ ಕಾಯಲಿ ಎನ್ನುವವರಿದ್ದಾರೆ. ಎಕ್ಸ್86 ಬಿಗಿಯಾಗಿದ್ದುಕೊಂಡೂ ದಶಕಗಳ ಕಾಲ ವೇಗದಲ್ಲಿ ಹಿಂದೆ ಬೀಳಲಿಲ್ಲ ಎಂಬುದು ಅವರ ಬಲವಾದ ವಾದ. ಎದುರು ಪಕ್ಷದವರು ಫೋನಿನ ಬ್ಯಾಟರಿ ತೋರಿಸುತ್ತಾರೆ. ಆ್ಯಪಲ್ 2020ರ ಎಂ1 ಚಿಪ್ಪಿನಲ್ಲಿ ಎರಡನ್ನೂ ಇಟ್ಟಿತು: ಸ್ವಂತ ತಂತ್ರಾಂಶಕ್ಕೆ ಆರ್ಮ್‌ನ ಸಡಿಲ ನಿಯಮ, ಇಂಟೆಲ್‌ಗಾಗಿ ಬರೆದ ಹಳೆಯ ತಂತ್ರಾಂಶ ಓಡುವಾಗ ಒಂದು ಬಿಟ್ ಬದಲಿಸಿ ಟಿಎಸ್‌ಒ. ಬರೆಯದೆಯೇ ನಂಬಿಕೊಂಡು ಬಂದ ಅನುಕ್ರಮಕ್ಕೆ ಸಿಲಿಕಾನಿನಲ್ಲಿ ತೆತ್ತ ತೆರಿಗೆ ಅದು.

ಯಾರು ಹೊತ್ತರೂ ಹೊರೆ ಹೊರೆಯೇ. ಸಡಿಲ ಚಿಪ್ಪಿನ ಮೇಲೆ ಸ್ಪಷ್ಟ ಕರಾರಿನೊಂದಿಗೆ ಬರೆದ ಕರ್ನಲ್ ನೆಮ್ಮದಿಯಾಗಿ ಓಡುತ್ತದೆ. ಬಿಗಿ ಚಿಪ್ಪಿನ ಮೇಲೆ ಅಸ್ಪಷ್ಟ ಕೈಪಿಡಿ ಇಟ್ಟುಕೊಂಡವರು ಲಾಕ್ ಬಿಡುವುದು ಹೇಗೆಂದು ಜಗಳವಾಡುತ್ತಾರೆ. ಲಿನಕ್ಸ್‌ಗೆ ಬರುವ ಹೊಸ ಸಾಲುಗಳನ್ನು ಜರಡಿ ಹಿಡಿಯುವ 'ಚೆಕ್‌ಪ್ಯಾಚ್' ಎಂಬ ಸ್ಕ್ರಿಪ್ಟ್ ಇದೆ. ಬ್ಯಾರಿಯರ್ ಬರೆದು ಪಕ್ಕದಲ್ಲಿ ವಿವರಣೆ ಬರೆಯದಿದ್ದರೆ ಅದು ತಕರಾರು ಎತ್ತುತ್ತದೆ. ಆ ವಿವರಣೆಯಲ್ಲಿ ಇರಬೇಕಾದದ್ದು ದೊಡ್ಡದೇನೂ ಅಲ್ಲ: ಈ ಬ್ಯಾರಿಯರಿನ ಜೋಡಿ ಯಾವ ಫೈಲಿನ ಯಾವ ಫಂಕ್ಷನ್ನಿನಲ್ಲಿದೆ ಎಂಬ ಒಂದು ಸಾಲು. ನನ್ನ ಬಟ್ಟೆಯನ್ನು ಯಾರು ನೋಡುತ್ತಾರೆ, ನಾನು ನೋಡಬೇಕಾದ ಕಂಬ ಆಚೆ ದಡದಲ್ಲಿ ಎಲ್ಲಿದೆ ಎಂದು ಬರೆದಿಟ್ಟವರು ಸಂಕ ದಾಟುತ್ತಾರೆ.